ಮುದುಕಿಯ ಎರಡನೇ ಕಂತು

"ಎಲ್ಲರೂ ಫೋನ್ ತೆಗೆದು ಮೇಜಿನ ಮೇಲಿಡಿ," ಎಂದಳು ಸರ್ವೇಯರಮ್ಮ. "ಸ್ಕ್ರೀನ್ ಕಾಣೋ ಹಾಗೆ. ಸೌಂಡ್ ಜೋರಾಗಿರಲಿ."

ಅದು ಟ್ಯಾಕ್ಸಿ ಕಂಪನಿಯ ಇಕ್ಕಟ್ಟಾದ ಆಫೀಸು. ಕಿಟಕಿಯ ಕೆಳಗೆ ಚಾರ್ಜರುಗಳ ವೈರುಗಳು ಗೊಂಚಲಾಗಿ ಜೋತಾಡುತ್ತಿದ್ದವು; ಡ್ರೈವರುಗಳೂ ಷೆಡ್ಡಿನ ಮೆಕ್ಯಾನಿಕ್ಕನೂ ತಮ್ಮ ಫೋನುಗಳನ್ನು ಅಲ್ಲಿ ಸಿಕ್ಕಿಸಿ ಕೆಲಸಕ್ಕೆ ಹೋಗುವುದು ಅಲ್ಲಿನ ರೂಢಿ. ಇಂದು ವೈರುಗಳ ತುದಿ ಖಾಲಿ. ಸತ್ತವನ ಕುರ್ಚಿಯೂ ಖಾಲಿ. ಅದರಲ್ಲಿ ಕೂರುವ ಧೈರ್ಯ ಇನ್ನೂ ಯಾರಿಗೂ ಬಂದಿರಲಿಲ್ಲ. ಕೂರುವ ಆಸೆ ಮಾತ್ರ ಒಬ್ಬನ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಆ ಒಬ್ಬ ಸತ್ತವನ ತಮ್ಮ, ಡ್ರೈವರುಗಳ ಬಾಯಲ್ಲಿ ಚಿಕ್ಕ ಯಜಮಾನ. ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಿಸುತ್ತಾ ಅವನು ಮೂಗು ಮುರಿದ.

"ಇದೇನು ಮೇಡಂ, ಪರೀಕ್ಷೆ ಹಾಲಾ? ಕಾಪಿ ಹೊಡೀತೀವಿ ಅಂತ ಭಯಾನಾ?"

"ಹೊಡೆದವರು ಯಾರು ಅಂತ ನೋಡೋಣ ಅಂತ."

ಮೊದಲು ಫೋನಿಟ್ಟವನು ಇನ್ಸ್‌ಪೆಕ್ಟರ್. ಅವನ ಪಾಲಿಗೆ ಈ ಪ್ರಕರಣ ಮುಗಿದ ಕಥೆ. ದೊಡ್ಡ ಯಜಮಾನನ ಹಳೆಯ ಕಾರು ಬ್ರೇಕು ಹಿಡಿಯದೆ ಇಳಿಜಾರಿನ ಕೊನೆಯ ಕಲ್ಲುಗೋಡೆಗೆ ಅಪ್ಪಳಿಸಿತ್ತು. ಬ್ರೇಕ್ ಪೈಪನ್ನು ಯಾರೋ ಅರದಿಂದ ತೇಯ್ದಿದ್ದರು. ಷೆಡ್ಡಿನಲ್ಲಿ ಅರ ಹಿಡಿಯುವ ಮೆಕ್ಯಾನಿಕ್ ಸತ್ತವನ ಅಳಿಯ. ಇನ್ಸ್‌ಪೆಕ್ಟರಿಗೆ ಅಷ್ಟು ಸಾಕಾಗಿತ್ತು; ಅಳಿಯ ಲಾಕಪ್ಪಿನಲ್ಲಿದ್ದ. ದೋಷಾರೋಪ ಪಟ್ಟಿ ಸಿದ್ಧವಾಗಿತ್ತು. ಮಧ್ಯಾಹ್ನ ಅದು ನ್ಯಾಯಾಲಯವನ್ನು ಸೇರಲಿತ್ತು. ಅದಕ್ಕೆ ಮುಂಚೆ ಬಂದು ಒಂದು ಗಳಿಗೆ ಕೂರಲು ಅವನು ಒಪ್ಪಿದ್ದು ಬರಿಯ ದಾಕ್ಷಿಣ್ಯಕ್ಕೆ. ಸರ್ವೇಯರಮ್ಮ ವಿಮಾ ಕಂಪನಿಯ ಪರವಾಗಿ ನುಜ್ಜುಗುಜ್ಜಾದ ಗಾಡಿಗಳನ್ನು ತಪಾಸಣೆ ಮಾಡುತ್ತಿದ್ದ ಕಾಲದಲ್ಲಿ ಇಬ್ಬರೂ ಅದೆಷ್ಟೋ ರಸ್ತೆಬದಿಗಳಲ್ಲಿ ಒಂದೇ ಫ್ಲಾಸ್ಕಿನ ಚಹಾ ಕುಡಿದಿದ್ದರು. ಆ ಕೆಲಸ ಬಿಟ್ಟು ಅವಳು ಪತ್ತೇದಾರಿಕೆ ಹಿಡಿದರೂ ಹಳೆಯ ಹೆಸರು ಮಾತ್ರ ಅವಳನ್ನು ಬಿಟ್ಟಿರಲಿಲ್ಲ.

ಎರಡನೆಯ ಫೋನು ಸೋದರತ್ತೆಯದು. ಸತ್ತವನ ತಂಗಿ, ಚಿಕ್ಕ ಯಜಮಾನನ ಅಕ್ಕ, ಗಂಡನಿಲ್ಲದವಳು. ಯೌವನದಿಂದಲೂ ಇದೇ ಕಿಟಕಿಯ ಬಳಿ ಕೂತು ಟ್ಯಾಕ್ಸಿ ಕೇಳುವವರ ಕರೆಗಳಿಗೆ ಉತ್ತರ ಕೊಟ್ಟೂ ಕೊಟ್ಟೂ ಅವಳ ಆಯುಷ್ಯವೇ ಸವೆದಿತ್ತು. ಚಿಕ್ಕ ಯಜಮಾನ ತನ್ನದನ್ನು ಇಸ್ಪೀಟಿನ ಎಲೆಯಂತೆ ಮೇಜಿನ ಮೇಲೆ ಎಸೆದ.

ಕೊನೆಯದು ಸತ್ತವನ ಮಗಳದು. ಸರ್ವೇಯರಮ್ಮನ ಪಕ್ಕದಲ್ಲಿ, ಗೋಡೆಗೆ ಆನಿಸಿದ್ದ ಮರದ ಬೆಂಚಿನ ಮೇಲೆ ಅವಳು ಕೂತಿದ್ದಳು. ಇಬ್ಬರ ನಡುವೆ ಅವಳ ಕೈಚೀಲ. ಬೇಡವೆಂದು ಪೊಲೀಸರು ಹಿಂದಿರುಗಿಸಿದ್ದ ಗಂಡನ ಸಾಮಾನುಗಳಿಂದ ಅದು ಉಬ್ಬಿತ್ತು. ಎದ್ದುಹೋಗಿ ತನ್ನ ಫೋನನ್ನು ಮೇಜಿನ ಮೇಲಿಟ್ಟು ಬಂದವಳು ಚೀಲವನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು.

ಗಂಡನನ್ನು ಬಿಡಿಸಿಕೊಡಿ ಎಂದು ಸರ್ವೇಯರಮ್ಮನ ಬಾಗಿಲಿಗೆ ಬಂದವಳು ಅವಳೇ. ಮೊದಲ ಭೇಟಿಯಲ್ಲಿ, ಅಳುವಿನ ನಡುವೆಯೇ, ಗಾಡಿ ಹಾಳಾಯಿತೆಂದು ತೆರಿಗೆ ಇಲಾಖೆಗೆ ತಿಳಿಸಿಬಿಡಲೇ ಎಂದು ಕೇಳಿದ್ದಳು. ದುಃಖದಲ್ಲೂ ವ್ಯವಹಾರ ಮರೆಯದ ಮನೆತನ ಎಂದುಕೊಂಡಿದ್ದ ಸರ್ವೇಯರಮ್ಮ, ಸದ್ಯಕ್ಕೆ ಏನನ್ನೂ ಮುಟ್ಟಬೇಡ ಎಂದು ಹೇಳಿ ಕಳುಹಿಸಿದ್ದಳು. ಆ ಮಾತನ್ನು ಹೇಳಿದಾಗ ಅವಳಿಗೆ ಇಂದಿನ ಯೋಜನೆಯ ಸುಳಿವೂ ಇರಲಿಲ್ಲ. ಅದು ಹೊಳೆದದ್ದು ಆಮೇಲೆ.

ಈಗ ಅವಳು ಆಫೀಸಿನ ಕಂಪ್ಯೂಟರನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದಳು. ವಾಹನ ತೆರಿಗೆಯ ಪುಟ ತೆರೆದಿತ್ತು. ಗಾಡಿಯ ನಂಬರ್ ಒತ್ತಿದರೆ ಸಾಕು, ಯಾರು ಬೇಕಾದರೂ ನೋಡಬಹುದಾದ ಪುಟ.

"ಇದು ಯಾವ ಗಾಡಿ ನಂಬರ್?"

"ಮುದುಕೀದು," ಎಂದಳು ಅತ್ತೆ.

ಮುದುಕಿ ಎಂದರೆ ದೊಡ್ಡ ಯಜಮಾನನ ಬೂದು ಬಣ್ಣದ ಕಾರು. ಕಂಪನಿಯ ಮೊದಲ ಟ್ಯಾಕ್ಸಿ. ಬಾಡಿಗೆಯ ಓಟ ನಿಂತ ಮೇಲೂ ಅವನು ಅದನ್ನು ಮಾರದೆ, ಬೇರೆ ಯಾರ ಕೈಗೂ ಕೊಡದೆ, ತಾನೊಬ್ಬನೇ ಓಡಿಸುತ್ತಿದ್ದ. ಹೆಂಡತಿಯ ಸಾವಿನಲ್ಲಿ ಒದ್ದೆಯಾಗದ ಅವನ ಕಣ್ಣು ಮುದುಕಿಯ ಗೇರ್‌ಬಾಕ್ಸ್ ಹೋದ ದಿನ ಒದ್ದೆಯಾಗಿತ್ತೆಂದು ಡ್ರೈವರುಗಳು ಆಡಿಕೊಳ್ಳುತ್ತಿದ್ದರು.

ಸರ್ವೇಯರಮ್ಮ ಅತ್ತೆಯ ಕಡೆ ತಿರುಗಿ, ಈ ಮನೆಯಲ್ಲಿ ತೆರಿಗೆ ಕಟ್ಟುವ ಪದ್ಧತಿಯನ್ನು ಇನ್ಸ್‌ಪೆಕ್ಟರಿಗೆ ವಿವರಿಸುವಂತೆ ಕೇಳಿಕೊಂಡಳು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಶುರು ಮಾಡಿದಳು. ಶುರು ಮಾಡಿದ ಮೇಲೆ ಅವಳಿಗೆ ಒಂದು ಬಗೆಯ ಹುರುಪೇ ಬಂತು.

ಸರ್ಕಾರ ಕೊಟ್ಟಿದ್ದು ಮೂರು ದಾರಿ: ಇಡೀ ವರ್ಷದ್ದು ಒಮ್ಮೆಗೇ, ಇಲ್ಲವೇ ಆರು ತಿಂಗಳದ್ದು, ಇಲ್ಲವೇ ಬ್ಯಾಂಕ್ ಖಾತೆಯಿಂದ ತಿಂಗಳು ತಿಂಗಳು. ಒಮ್ಮೆಗೇ ಕಟ್ಟಿದರೆ ಅಗ್ಗ. ಆದರೆ ನಡುವೆ ಗಾಡಿ ಹಾಳಾದರೆ ಕಟ್ಟಿದ್ದು ಕಟ್ಟಿದ ಹಾಗೆಯೇ, ಹಿಂದಕ್ಕೆ ಬರುವುದಿಲ್ಲ. ತಿಂಗಳ ಕಂತು ದುಬಾರಿ. ಆದರೆ ಗಾಡಿ ಹೋದ ದಿನವೇ ತಿಳಿಸಿ ನಿಲ್ಲಿಸಬಹುದು. ಉಳಿದವರೆಲ್ಲ ಕಿಸೆಯನ್ನು ನೋಡಿ ಆರಿಸಿಕೊಂಡರೆ ಅವಳ ಅಣ್ಣ ಗಾಡಿಯನ್ನು ನೋಡಿ ಆರಿಸುತ್ತಿದ್ದ. ವರ್ಷಕ್ಕೊಮ್ಮೆ ಕೈಯಲ್ಲಿ ಸೀಮೆಸುಣ್ಣ ಹಿಡಿದು ಷೆಡ್ಡಿನೊಳಗೆ ನಡೆಯುತ್ತಿದ್ದ. ಪ್ರತಿ ಗಾಡಿಯ ಇಂಜಿನ್ನಿಗೂ ಕಿವಿಗೊಟ್ಟು, ನೆಲಕ್ಕೆ ಬಗ್ಗಿ, ಎದ್ದು, ಗಾಜಿನ ಮೇಲೆ ಒಂದು ಪದ ಬರೆಯುತ್ತಿದ್ದ. ಉಳಿಯುವ ಗಾಡಿಗೆ 'ವರ್ಷ'. ಅನುಮಾನದ ಗಾಡಿಗೆ 'ಅರ್ಧ'. ಗುಜರಿಗೆ ಹೋಗುವ ಗಾಡಿಗೆ 'ತಿಂಗಳು'.

"ಡ್ರೈವರುಗಳು ಉಸಿರು ಬಿಗಿ ಹಿಡ್ಕೊಂಡು ನಿಂತಿರ್ತಿದ್ರು," ಎಂದಳು ಅತ್ತೆ. "ಗಾಡಿಗೆ ತಿಂಗಳು ಅಂತ ಬಿದ್ರೆ ಅದನ್ನ ಓಡಿಸೋನಿಗೂ ತಿಂಗಳೇ. ಆ ಸಲ ಒಂದು ತಮಾಷೆ ಆಯ್ತು ನೋಡಿ. ಇವಳ ಮದುವೆ ಆದ ವರ್ಷ. ಅಳಿಯ ಗಾಡಿ ಕೆಳಗಿಂದ ಎದ್ದು ಬರ್ತಿದ್ದ. ಅಣ್ಣ ಎಲ್ಲರೆದುರಿಗೂ ಅವನ ಬೆನ್ನ ಮೇಲೆ ತಿಂಗಳು ಅಂತ ಬರೆದ. ಪಾಪ, ಅವನಿಗೆ ಗೊತ್ತೇ ಇಲ್ಲ. ಸಾಯಂಕಾಲದ ತನಕ ಹಾಗೇ ಓಡಾಡ್ದ."

ಚಿಕ್ಕ ಯಜಮಾನ ನಕ್ಕ. ಇನ್ಸ್‌ಪೆಕ್ಟರೂ ತುಟಿಯಂಚಿನಲ್ಲಿ ನಕ್ಕ.

ಮಗಳು ನಗಲಿಲ್ಲ. "ಆ ಅಂಗಿ ಒಗೆದವಳು ನಾನು," ಎಂದಳು.

ಅತ್ತೆಯ ಹುರುಪು ಅಲ್ಲಿಗೆ ಆರಿತು.

"ಹಾಗೆ ಬರೆದದ್ದು ಏನು ಅಂತ ನಿನ್ನ ಗಂಡನಿಗೆ ಆಮೇಲಾದರೂ ಗೊತ್ತಾಯ್ತಾ?" ಎಂದು ಸರ್ವೇಯರಮ್ಮ ಕೇಳಿದಳು. ಉತ್ತರ ಅವಳಿಗೆ ಮೊದಲೇ ತಿಳಿದಿತ್ತು. ಅದು ಇನ್ಸ್‌ಪೆಕ್ಟರನ ಕಿವಿಗೆ ಬೀಳಬೇಕಿತ್ತು.

"ಇಲ್ಲ. ಅವರಿಗೆ ಈ ಲೆಕ್ಕ ಯಾರೂ ಹೇಳಿಕೊಟ್ಟಿಲ್ಲ. ಸೀಮೆಸುಣ್ಣದ ದಿನ ಅವರನ್ನ ಷೆಡ್ಡಿಂದ ಹೊರಗೆ ಕಳಿಸ್ತಿದ್ರು. ಮನೆಯವರ ವ್ಯವಹಾರ ಅಂತೆ." ಅವಳು ತನ್ನ ಉಗುರುಗಳನ್ನು ನೋಡಿಕೊಂಡಳು. "ನಾನೂ ಹೇಳಲಿಲ್ಲ. ಹೇಳಿದ್ರೆ ಬೆನ್ನಿನ ವಿಷಯಾನೂ ಹೇಳಬೇಕಾಗ್ತಿತ್ತಲ್ಲ."

ಸರ್ವೇಯರಮ್ಮ ತಲೆದೂಗಿದಳು. ಹೆಜ್ಜೆಗಳು ಒಂದೊಂದಾಗಿ ಸರಿಯಾದ ಜಾಗದಲ್ಲೇ ಬೀಳುತ್ತಿದ್ದವು. ಅವಳು ಚಿಕ್ಕ ಯಜಮಾನನ ಎದುರಿಗೆ ಹೋಗಿ ನಿಂತಳು.

"ಮುದುಕಿ ಗಾಜಿನ ಮೇಲೆ ನಿಮ್ಮಣ್ಣ ಏನು ಬರೀತಿದ್ರು?"

"ಅದಕ್ಕೆ ಬರೆಯೋದೇ ಇಲ್ಲ. ಅದು ಯಾವಾಗಲೂ ವರ್ಷವೇ. ಎಲ್ಲಕ್ಕಿಂತ ಮೊದಲು ಅದಕ್ಕೇ ಕಟ್ಟೋದು."

"ಈ ಸಲ ಕಟ್ಟಿದ್ದು ಯಾರು?"

ಗೊತ್ತಿಲ್ಲ ಎಂದ. ತೆರಿಗೆಯ ಗಡುವು ಮುಗಿಯುವ ಹೊತ್ತಿಗೆ ಅಣ್ಣ ಜ್ವರದಿಂದ ಹಾಸಿಗೆ ಹಿಡಿದಿದ್ದನೆಂದೂ, ತೆರಿಗೆ ಕಟ್ಟದ ಗಾಡಿಯನ್ನು ಅವನು ರಸ್ತೆಗೆ ಇಳಿಸುವವನಲ್ಲವಾದ್ದರಿಂದ ಮುದುಕಿ ಷೆಡ್ಡಿನಲ್ಲೇ ನಿಂತಿತ್ತೆಂದೂ ಹೇಳಿದ. ಜ್ವರ ಬಿಟ್ಟ ಬೆಳಿಗ್ಗೆ ಅಣ್ಣ ಎದ್ದು ಬಂದು, ಕಟ್ಟಾಯಿತೇ ಎಂದು ಕೇಳಿದ್ದು ಮಾತ್ರ ಅವನಿಗೆ ನೆನಪಿತ್ತು. ಕಂಪ್ಯೂಟರಿನಲ್ಲಿ ಹಸಿರು ಗುರುತು ನೋಡಿ ಆಯಿತೆಂದು ಹೇಳಿದವಳು ಅತ್ತೆ. ಅಣ್ಣ ಕಾರು ಹತ್ತಿದ. ಇಳಿಜಾರಿನ ತನಕ ಹೋದ.

"ಅಂದ್ರೆ ತೆರಿಗೆ ಕಟ್ಟಿದವರೇ ಅವರನ್ನ ಆ ಕಾರಿಗೆ ಹತ್ತಿಸಿದ್ದು," ಎಂದಳು ಸರ್ವೇಯರಮ್ಮ. "ಈಗ ಇದನ್ನ ಓದಿ."

ಚಿಕ್ಕ ಯಜಮಾನ ಪರದೆಗೆ ಬಗ್ಗಿದ. ಪಾವತಿಯ ವಿಧಾನ ಎಂಬಲ್ಲಿ ಬರೆದದ್ದನ್ನು ಅವನು ಎರಡು ಸಲ ಓದಿದ. ಮಡಿಸಿದ ತೋಳು ತಾನಾಗಿ ಜಾರಿತು. ಅವನು ಅದನ್ನು ಮತ್ತೆ ಮಡಿಸಲಿಲ್ಲ.

"ತಿಂಗಳಾ?" ಎಂದ. "ಮುದುಕಿಗಾ?"

ಅತ್ತೆ ಕುರ್ಚಿಯಿಂದ ಅರ್ಧ ಎದ್ದು, ಪರದೆಯನ್ನು ನೋಡಿ, ಮತ್ತೆ ಕುಳಿತಳು. ಅವಳ ಕೈ ಬಾಯಿಯ ಮೇಲಿತ್ತು.

ಇನ್ಸ್‌ಪೆಕ್ಟರ್ ಮಾತ್ರ ಇನ್ನೂ ದಡದಲ್ಲೇ ನಿಂತಿದ್ದ. ತಿಂಗಳೋ ವರ್ಷವೋ, ಅದರಿಂದ ಬ್ರೇಕಿಗೇನು ಎಂದು ಕೇಳಿದ. ಸರ್ವೇಯರಮ್ಮ ಅವನಿಗೆ ಬಿಡಿಸಿ ಹೇಳಿದಳು. ಮುದುಕಿ ಇನ್ನು ಹೆಚ್ಚು ದಿನ ಇರುವುದಿಲ್ಲವೆಂದು ಆ ಮನೆಯಲ್ಲಿ ಒಬ್ಬರಿಗೆ ಮೊದಲೇ ತಿಳಿದಿತ್ತು. ಅವರು ತೆರಿಗೆ ಪುಟವನ್ನು ತೆರೆದರು. ಇಡೀ ವರ್ಷದ್ದನ್ನು ಒತ್ತಿದ್ದರೆ ಯಾರಿಗೂ ಸಂಶಯ ಬರುತ್ತಿರಲಿಲ್ಲ. ಆದರೆ ನಾಳೆ ಗೋಡೆಗೆ ಬಡಿಯುವ ಗಾಡಿಗೆ ವರ್ಷದ ಹಣ ದಂಡ ಎಂದು ಹೊಟ್ಟೆ ಉರಿಯಿತು. ಬೆರಳು ತನ್ನ ಪಾಡಿಗೆ ತಾನು 'ತಿಂಗಳು' ಒತ್ತಿತು.

"ಕೊಲ್ಲೋಕೆ ಕೈ ನಡುಗಲಿಲ್ಲ, ದುಡ್ಡು ಕಟ್ಟೋಕೆ ನಡುಗಿತು," ಎಂದಳು ಅವಳು. "ಹೊರಗಿನವರಿಗೆ ಬರೋ ಸಂಕಟ ಅಲ್ಲ ಇದು, ಇನ್ಸ್‌ಪೆಕ್ಟ್ರೇ. ಅರ ಹಿಡಿದ ಕೈ ಯಾವುದೋ ನನಗೆ ಗೊತ್ತಿಲ್ಲ. ತಿಂಗಳು ಒತ್ತಿದ ಕೈ ಮಾತ್ರ ಸೀಮೆಸುಣ್ಣದ ದಿನ ಷೆಡ್ಡಿನೊಳಗೆ ನಿಂತಿದ್ದ ಕೈ. ಅಳಿಯ ಅಲ್ಲಿ ಯಾವತ್ತೂ ನಿಂತಿರಲಿಲ್ಲ."

ಇನ್ಸ್‌ಪೆಕ್ಟರ್ ಗಲ್ಲ ಕೆರೆದುಕೊಂಡ. ಮೊದಲ ಬಾರಿಗೆ ಅವನ ದೃಷ್ಟಿ ಚಿಕ್ಕ ಯಜಮಾನನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಕಂಪನಿಯನ್ನು ದೊಡ್ಡ ಸಂಸ್ಥೆಯೊಂದಕ್ಕೆ ಮಾರಲು ತಮ್ಮ ಗುಟ್ಟಾಗಿ ಮಾತುಕತೆ ನಡೆಸಿದ್ದನೆಂಬುದೂ, ಅಣ್ಣ ಅದನ್ನು ಕೇಳಿ ಅವನನ್ನು ಡ್ರೈವರುಗಳ ಮುಂದೆ ಬೈದು ನೀರಿಳಿಸಿದ್ದನೆಂಬುದೂ ಊರಿಗೆಲ್ಲ ಗೊತ್ತಿದ್ದ ವಿಷಯ.

"ನನ್ನ ಯಾಕೆ ಹಾಗೆ ನೋಡ್ತೀರಾ?" ಎಂದ ಚಿಕ್ಕ ಯಜಮಾನ. "ಇಷ್ಟು ವರ್ಷ ಅಣ್ಣನ ಬಾಗಿಲಲ್ಲಿ ನಾಯಿ ಹಾಗೆ ಬಿದ್ದಿದ್ದೆ. ಕೊಲ್ಲೋದಾಗಿದ್ರೆ ವಯಸ್ಸಿದ್ದಾಗಲೇ ಕೊಲ್ತಿದ್ದೆ. ಸುಖಪಡೋಕೆ ಒಂದಿಷ್ಟು ಆಯುಷ್ಯನಾದ್ರೂ ಉಳೀತಿತ್ತು."

"ಹಾಗಾದರೆ ಭಯ ಯಾಕೆ? ಫೋನ್ ನೋಡೋಣ."

ತಿಂಗಳ ಕಂತಿಗೆ ಒಂದು ಗುಣವಿದೆ, ವರ್ಷದ್ದಕ್ಕೆ ಅದಿಲ್ಲ. ಒಮ್ಮೆಗೇ ಕಟ್ಟಿದ್ದು ಕಟ್ಟಿದ ದಿನವೇ ಸತ್ತುಹೋಗುತ್ತದೆ. ತಿಂಗಳಿನದ್ದು ಮತ್ತೆ ಮತ್ತೆ ಎದ್ದು ಬರುತ್ತದೆ. ಯಾರ ಖಾತೆ ಎಂದು ಇಲಾಖೆ ಹೊರಗಿನವರಿಗೆ ಹೇಳುವುದಿಲ್ಲ; ಆರೋಪಿ ಸಿಕ್ಕಿದ್ದಾನೆಂದು ನೆಮ್ಮದಿಯಾಗಿದ್ದ ಪೊಲೀಸರು ಕೇಳಲೂ ಇಲ್ಲ. ಆದರೆ ಗಾಡಿ ಹಾಳಾಯಿತೆಂದು ಯಾರೂ ತಿಳಿಸಿರಲಿಲ್ಲ. ಇಲಾಖೆಯ ಕಣ್ಣಿನಲ್ಲಿ ಮುದುಕಿ ಇನ್ನೂ ಬದುಕಿದ್ದಳು. ಇಂದು ಒಂದನೇ ತಾರೀಖು. ಹತ್ತು ಗಂಟೆಯ ಸುಮಾರಿಗೆ ಕಂತು ತಾನಾಗಿ ಕಡಿತವಾಗುತ್ತದೆ. ಖಾತೆಯವರ ಫೋನಿಗೆ ಗಾಡಿಯ ನಂಬರಿನ ಸಮೇತ ಸಂದೇಶ ಹೋಗುತ್ತದೆ. ಗುಜರಿ ಗಾಡಿಗಳ ಕಂತಿನಿಂದಾಗಿ ಈ ಮನೆಯಲ್ಲಿ ಎಲ್ಲರಿಗೂ ಅಭ್ಯಾಸವಾಗಿದ್ದ ಸದ್ದು ಅದು. ಅಭ್ಯಾಸವಾದದ್ದರಿಂದಲೇ ಯಾರೂ ಅದರ ಬಗ್ಗೆ ಯೋಚಿಸಿರಲಿಲ್ಲ.

ಸರ್ವೇಯರಮ್ಮ ಬೆಂಚಿಗೆ ಮರಳಿ ಕೂತಳು. ಎಲ್ಲರೂ ಮೇಜನ್ನೇ ನೋಡತೊಡಗಿದರು. ಹೊರಗೆ ಷೆಡ್ಡಿನಲ್ಲಿ ಯಾರೋ ಟಯರಿಗೆ ಗಾಳಿ ಹೊಡೆಯುತ್ತಿದ್ದ ಸದ್ದು ನಿಂತಿತು.

ಫೋನು ಸದ್ದು ಮಾಡಿತು. ಚಿಕ್ಕ ಯಜಮಾನನದು.

ಇನ್ಸ್‌ಪೆಕ್ಟರ್ ಕೈ ಚಾಚಿ ಫೋನನ್ನು ಎತ್ತಿ, ದೂರ ಹಿಡಿದು, ನಂಬರನ್ನು ಗಟ್ಟಿಯಾಗಿ ಓದಿದ.

"ಅದು ಬಿಳಿ ವ್ಯಾನು," ಎಂದ ಚಿಕ್ಕ ಯಜಮಾನ. ಹಣೆಯ ಬೆವರು ಹುಬ್ಬಿಗೆ ಇಳಿದಿತ್ತು. "ಗುಜರಿಗೆ ಹೋಗೋದು. ಕಂಪನಿ ಖಾತೆ. ಕೇಳಿ ಬೇಕಾದ್ರೆ ಅಕ್ಕನ್ನ."

ಅತ್ತೆ ಹೌದೆಂದು ತಲೆಯಾಡಿಸಿದಳು. ಮತ್ತೊಮ್ಮೆ ಅದೇ ಫೋನು ಸದ್ದು ಮಾಡಿತು. ಅದು ಇನ್ನೊಂದು ಗುಜರಿ ಕಾರು. ಆಮೇಲೆ ಏನೂ ಇಲ್ಲ. ನಾಲ್ಕು ಫೋನುಗಳು ಮೇಜಿನ ಮೇಲೆ ಕಪ್ಪಗೆ ಬಿದ್ದಿದ್ದವು. ಗಡಿಯಾರದ ಮುಳ್ಳು ಹತ್ತನ್ನು ದಾಟಿ ಸಾಕಷ್ಟು ಮುಂದೆ ಸರಿದಿತ್ತು.

ಚಿಕ್ಕ ಯಜಮಾನ ಕಾಲಮೇಲೆ ಕಾಲು ಹಾಕಿದ. ಜಾರಿದ್ದ ತೋಳನ್ನು ನಿಧಾನವಾಗಿ ಮಡಿಸಿದ. "ಮುಗೀತಾ ಮೇಡಂ? ನನಗೆ ಎರಡು ಬಾಡಿಗೆ ಕಾಯ್ತಾ ಇದೆ."

ಇನ್ಸ್‌ಪೆಕ್ಟರ್ ಟೋಪಿಯನ್ನು ಕೈಗೆತ್ತಿಕೊಂಡ. ಅವನ ಮುಖದಲ್ಲಿದ್ದದ್ದು ಕೋಪವಲ್ಲ, ಕನಿಕರ. ಸರ್ವೇಯರಮ್ಮನಿಗೆ ಅದೇ ಹೆಚ್ಚು ಚುಚ್ಚಿತು.

ಆಗ ಬೆಂಚು ನಡುಗಿತು.

ಸದ್ದಿರಲಿಲ್ಲ. ಮರದ ಹಲಗೆಯಲ್ಲಿ ಸಣ್ಣದೊಂದು ಕಂಪನ ಹುಟ್ಟಿ, ಅವಳ ತೊಡೆಯ ಕೆಳಗೆ ಹಾದು, ನಿಂತಿತು. ಮತ್ತೆ ಹುಟ್ಟಿತು. ಸರ್ವೇಯರಮ್ಮ ತಲೆ ತಿರುಗಿಸದೆ ಕಣ್ಣನ್ನಷ್ಟೇ ಹೊರಳಿಸಿದಳು. ಮಗಳ ಕೈ ಚೀಲದ ಮೇಲಿತ್ತು. ಮಲಗಿರುವ ಕೂಸನ್ನು ಎಬ್ಬಿಸಬೇಡಿ ಎಂಬಂತೆ, ಅಂಗೈ ಅಗಲಿಸಿ, ಗಟ್ಟಿಯಾಗಿ ಒತ್ತಿ ಹಿಡಿದಿದ್ದಳು.

ಇಬ್ಬರ ಹೊರತು ಯಾರಿಗೂ ತಿಳಿದಿರಲಿಲ್ಲ. ಸರ್ವೇಯರಮ್ಮ ಬಾಯಿ ಬಿಡದಿದ್ದರೆ ಆ ನಡುಕ ಆ ಹಲಗೆಯಲ್ಲೇ ಸತ್ತುಹೋಗುತ್ತಿತ್ತು. ಅವಳು ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲವೆಂದು ಯೋಚಿಸಲು ಅವಳಿಗೆ ಸಮಯವೂ ಸಿಗಲಿಲ್ಲ.

"ಯಾರದೋ ಫೋನು ನಡುಗ್ತಲ್ಲ," ಎಂದಳು ಅತ್ತೆ, ಕಿಟಕಿಯ ಬಳಿಯಿಂದ. ಬದುಕೆಲ್ಲ ಫೋನಿಗೆ ಕಿವಿಗೊಟ್ಟವಳು. ಅವಳ ಮಾತಿನಲ್ಲಿ ಯಾವ ದುರುದ್ದೇಶವೂ ಇರಲಿಲ್ಲ. "ಮೇಜಿನ ಮೇಲಿಂದಲ್ಲ. ಆ ಕಡೆಯಿಂದ."

ಇನ್ಸ್‌ಪೆಕ್ಟರ್ ಟೋಪಿಯನ್ನು ಕೆಳಗಿಟ್ಟು ಬೆಂಚಿನ ಮುಂದೆ ಬಂದು ನಿಂತ.

ಮಗಳು ಚೀಲದ ಜಿಪ್ ಎಳೆದಳು. ಗಂಡನ ಬೆಲ್ಟ್ ಹೊರಗೆ ಬಂತು, ಷೆಡ್ಡಿನ ಬೀಗದ ಕೈ ಬಂತು. ಗ್ರೀಸಿನ ಬೆರಳಚ್ಚು ಇನ್ನೂ ಅಂಟಿಕೊಂಡಿದ್ದ, ಮೂಲೆ ಒಡೆದ ಒಂದು ಫೋನು ಬಂತು.

"ನಮ್ಮೆಜಮಾನ್ರದು," ಎಂದಳು. "ನಿನ್ನೆ ನೀವೇ ವಾಪಸ್ ಕೊಟ್ರಲ್ಲ."

ಕರೆಗಳನ್ನೆಲ್ಲ ನೋಡಿ, ಏನೂ ಸಿಗದೆ, ಕೊಟ್ಟವನು ಅವನೇ. ಇನ್ಸ್‌ಪೆಕ್ಟರ್ ಕೆಂಪಗಾದ. ಸಂದೇಶವನ್ನು ಓದಿದ, ಕೊನೆಗೆ ಗಾಡಿಯ ನಂಬರನ್ನು ಓದಿದ. ಕಂಪ್ಯೂಟರಿನ ಪರದೆಯಲ್ಲಿ ಅದೇ ನಂಬರ್ ಇನ್ನೂ ಮಿನುಗುತ್ತಿತ್ತು.

"ಅಂದ್ರೆ ನಾನು ಹಿಡಿದದ್ದೇ ಸರಿ," ಎಂದ. ಅವನ ಧ್ವನಿಯಲ್ಲಿ ಗೆಲುವಿಗಿಂತ ನಿರಾಳವೇ ಹೆಚ್ಚಾಗಿತ್ತು. "ಅಳಿಯಂದೇ ಖಾತೆ. ಅಳಿಯಂದೇ ಅರ."

ನಕ್ಕವನು ಚಿಕ್ಕ ಯಜಮಾನ. ಅವಸರವಿಲ್ಲದ, ತುಂಬ ದಿನ ಕೂಡಿಟ್ಟುಕೊಂಡಿದ್ದ ನಗು.

"ಅಲ್ಲ ಇನ್ಸ್‌ಪೆಕ್ಟ್ರೇ. ಮೇಡಂ ಈಗ್ತಾನೆ ಹೇಳಲಿಲ್ವಾ? ಅಳಿಯನಿಗೆ ಈ ಮನೆ ಲೆಕ್ಕವೇ ಗೊತ್ತಿಲ್ಲ. ತಿಂಗಳು ಒತ್ತೋ ಕೈ ಸೀಮೆಸುಣ್ಣದ ದಿನ ಷೆಡ್ಡಲ್ಲಿ ನಿಂತಿದ್ದ ಕೈ ಅಂತೆ." ಅವನು ಬೆಂಚಿನ ಕಡೆ ನೋಡಿದ. "ಚಿಕ್ಕವಳಿದ್ದಾಗ ಆ ಸೀಮೆಸುಣ್ಣದ ಡಬ್ಬಿ ಹಿಡ್ಕೊಂಡು ಅಣ್ಣನ ಹಿಂದೆ ಯಾರು ಓಡಾಡ್ತಿದ್ರು, ಅಕ್ಕ?"

ಅತ್ತೆಯ ಕಣ್ಣು ಅಣ್ಣನ ಮಗಳ ಕಡೆ ಹೊರಳಿತು.

ಸರ್ವೇಯರಮ್ಮ ಕೈಗೆ ಸಿಕ್ಕ ಹುಲ್ಲುಕಡ್ಡಿಗಳನ್ನೆಲ್ಲ ಹಿಡಿದು ನೋಡಿದಳು. ಅಳಿಯನ ಖಾತೆಗೆ ಸಂಬಳ ಹಾಕುತ್ತಿದ್ದವನು ಚಿಕ್ಕ ಯಜಮಾನ. ಅವನಿಗೆ ಖಾತೆಯ ನಂಬರ್ ಬಾಯಿಪಾಠ. ಅಳಿಯನ ಫೋನು ದಿನವಿಡೀ ಆ ಕಿಟಕಿಯ ಕೆಳಗೆ ಚಾರ್ಜರಿನಲ್ಲಿ ನೇತಾಡುತ್ತಿತ್ತು; ಒಟಿಪಿ ಬಂದರೆ ಯಾರು ಬೇಕಾದರೂ ನೋಡಿ ಒತ್ತಬಹುದಿತ್ತು, 'ಏನು ಮಾಡ್ತಿದ್ದೀರಿ' ಎನ್ನುವವರಿರಲಿಲ್ಲ. ಇರಬಹುದು. ಖಂಡಿತ ಇರಬಹುದು. ಗಂಡನನ್ನು ಉಳಿಸಲೆಂದು ತಾನು ಒಂದೊಂದೇ ಕಲ್ಲಿಟ್ಟು ಕಟ್ಟಿದ ಗೋಡೆ ಹೆಂಡತಿಯ ಸುತ್ತಲೇ ಎದ್ದು ನಿಂತಿದ್ದರೂ, ಅದರಲ್ಲಿ ಅಷ್ಟಾದರೂ ಕಿಂಡಿ ಇತ್ತು. ಆ ಹುಡುಗಿ ಒಂದು ಮಾತು ಹೇಳಿದರೆ ಸಾಕು. ಇಲ್ಲ ಎನ್ನಲಿ. ನಾನಲ್ಲ ಎನ್ನಲಿ. ಕಣ್ಣೀರಾದರೂ ಹಾಕಲಿ.

ಮಗಳು ಗಂಡನ ಬೆಲ್ಟನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿದಳು. ಬೀಗದ ಕೈಯನ್ನೂ ಹಾಕಿದಳು. ಜಿಪ್ ಎಳೆದಳು. ಆಮೇಲೆ ಸರ್ವೇಯರಮ್ಮನ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ಹೆದರಿಕೆಯಿರಲಿಲ್ಲ, ದೂರು ಮಾತ್ರ ಇತ್ತು.

"ಗಾಡಿ ಹೋಯ್ತು ಅಂತ ತಿಳಿಸಿಬಿಡ್ತೀನಿ ಅಂದೆ," ಎಂದಳು. "ನೀವೇ ಬೇಡ ಅಂದ್ರಿ."